ಗರ್ನಾಲಿಗೆ ದುಡ್ಡುಂಟು, ಸ್ಯಾಕ್ಸೋಫೋನಿನ ಹೊಸ ಕೃತಿಗೆ ಯಾಕಿಲ್ಲ?

ಪೊಳಲಿ ಚೆಂಡಿನ ದಿನ ತೆಗೆದ ವೀಡಿಯೊ ನಿಮ್ಮ ಮೊಬೈಲಿನಲ್ಲಿ ಇದ್ದರೆ, ಒಮ್ಮೆ ಕಣ್ಣು ಮುಚ್ಚಿ ಕೇಳಿ. ಜನರ ಬೊಬ್ಬೆ ಕೇಳುತ್ತದೆ. ಗರ್ನಾಲು ಕೇಳುತ್ತದೆ. ಮೈಕಿನಲ್ಲಿ ಯಾರನ್ನೋ ಕರೆಯುವುದು ಕೇಳುತ್ತದೆ. ಇದೆಲ್ಲದರ ಹಿಂದೆ ಎಲ್ಲೋ ವಾದ್ಯದವರು ಊದುತ್ತಿರುತ್ತಾರೆ. ಊದಿದವರು ಯಾರು, ಯಾವ ಊರಿನವರು, ನುಡಿಸಿದ್ದು ಏನು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಉತ್ತರ ಗೊತ್ತಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಯಾವ ಜಾತ್ರೆಗೆ ಹೋದರೂ ಕತೆ ಇದೇ. ಮದುವೆ ಹಾಲಿನಲ್ಲೂ ಇದೇ. ಆಮಂತ್ರಣ ಪತ್ರಿಕೆಯಲ್ಲಿ ಅಡುಗೆಯವರ ಹೆಸರು ಬರುತ್ತದೆ, ಸೌಂಡ್ಸಿನವರ ಹೆಸರು ಬರುತ್ತದೆ. ವಾದ್ಯದ ಸಾಲಿಗೆ ಬಂದಾಗ ಎಷ್ಟೋ ಸಲ ‘ಸ್ಯಾಕ್ಸೋಫೋನ್ ವಾದನ’ ಎಂದಷ್ಟೇ ಇರುತ್ತದೆ. ಕೆಲಸದ ಹೆಸರು ಉಂಟು, ಕೆಲಸಗಾರನ ಹೆಸರು ಇಲ್ಲ.

ನಾವು ಈ ಬರಹದಲ್ಲಿ ಕೇಳುವುದು ಒಂದೇ ಮಾತು. ನಮ್ಮ ವಾದಕರಿಗಾಗಿ ಹೊಸ ಕೃತಿ ಬರೆಸಬೇಕು. ಅದನ್ನು ಸರಿಯಾಗಿ ರೆಕಾರ್ಡ್ ಮಾಡಿಸಬೇಕು. ಅದಕ್ಕೆ ಊರಿನವರೇ ದುಡ್ಡು ಹಾಕಬೇಕು. ಇದು ಆಗದ ಮಾತಲ್ಲ. ಬೇರೆ ಕಡೆ ಆಗಿದೆ. ಒಂದು ಸಲ ನಮ್ಮ ತಾಲೂಕಿನ ಮನುಷ್ಯನನ್ನೇ ಇಟ್ಟುಕೊಂಡು ಆಗಿದೆ.

ಸಜೀಪದಿಂದ ಹೊರಟ ಉಸಿರು

ಪೊಳಲಿಯಿಂದ ಬಿ.ಸಿ.ರೋಡಿಗೆ ಬಂದು, ಪಾಣೆಮಂಗಳೂರಿನಲ್ಲಿ ನೇತ್ರಾವತಿ ದಾಟಿದರೆ ಸಜೀಪಮೂಡ. ಕದ್ರಿ ಗೋಪಾಲನಾಥರು ಹುಟ್ಟಿದ್ದು ಅಲ್ಲಿ, 1949ರಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮಗ ಕೂಡ ನಾಗಸ್ವರ ಹಿಡಿದೇ ಬೆಳೆದದ್ದು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ಮೇಲೆ ಅವರ ಮನಸ್ಸು ಅದರ ಮೇಲೆ ಕೂತಿತು.

ಈ ವಾದ್ಯ ನಮ್ಮದಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬವರು ಮಾಡಿದ್ದು, 1846ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಒತ್ತುವ ಕೀಲಿಗಳ ವಾದ್ಯ ಅದು. ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಗಮಕ ಅದರಲ್ಲಿ ಸುಲಭಕ್ಕೆ ಬರುವುದಿಲ್ಲ. ಗೋಪಾಲನಾಥರು ಕೀಲಿಗಳಲ್ಲೇ ಮಾರ್ಪಾಡು ಮಾಡಿಕೊಂಡರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. ವರ್ಷಗಟ್ಟಲೆ ಸಾಧನೆ ಮಾಡಿದರು.

1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ಕಛೇರಿ ಮಾಡಿದರು. ಅದೇ ವರ್ಷ ತಮಿಳಿನ ‘ಡ್ಯುಯೆಟ್’ ಸಿನೆಮಾಕ್ಕೆ ಎ.ಆರ್. ರೆಹಮಾನ್ ಸಂಗೀತದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಇಷ್ಟು ನಮಗೆಲ್ಲ ಗೊತ್ತು. ಅವರ ದೊಡ್ಡ ಕೆಲಸಗಳಲ್ಲಿ ಒಂದು ಮಾತ್ರ ನಮ್ಮ ಊರಿನಲ್ಲಿ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ.

ಅಮೆರಿಕದಲ್ಲಿ ಒಬ್ಬ ಹುಡುಗ

ಕರ್ನಾಟಕದಿಂದ ಅಮೆರಿಕಕ್ಕೆ ಹೋದ ಒಂದು ಕುಟುಂಬದಲ್ಲಿ ರುದ್ರೇಶ್ ಮಹಾಂತಪ್ಪ ಎಂಬ ಹುಡುಗ ಬೆಳೆದ. ತಂದೆ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರೊಫೆಸರ್. ಹುಡುಗ ಹಿಡಿದದ್ದು ಸ್ಯಾಕ್ಸೋಫೋನ್, ಕಲಿತದ್ದು ಜಾಝ್. ಒಂದು ದಿನ ಅವನ ಸೋದರ ತಮಾಷೆಗೆಂದು ಒಂದು ಸಿ.ಡಿ. ಕೊಟ್ಟ. ಸ್ಯಾಕ್ಸೋಫೋನಿನಲ್ಲಿ ಭಾರತದ ಸಂಗೀತವಂತೆ, ಕೇಳು ಎನ್ನುವ ಹಾಗೆ. ಕೇಳಿದರೆ ನಮ್ಮ ಗೋಪಾಲನಾಥರು. ತಮಾಷೆ ಅಲ್ಲಿಗೆ ಮುಗಿಯಿತು.

ಮುಂದೆ ಅದೇ ರುದ್ರೇಶ್ ದೊಡ್ಡ ಜಾಝ್ ವಾದಕರಾದರು. ಗೋಪಾಲನಾಥರನ್ನು ಹುಡುಕಿಕೊಂಡು ಬಂದು, ಚೆನ್ನೈಯಲ್ಲಿ ಜೊತೆ ಕೂತು ಕೆಲಸ ಮಾಡಿ, ಇಬ್ಬರಿಗೂ ಹೊಂದುವ ಹೊಸ ಕೃತಿಗಳನ್ನು ಬರೆದರು. ಇದಕ್ಕೆ ಬೆಂಬಲವಾಗಿ ನಿಂತದ್ದು ನ್ಯೂಯಾರ್ಕಿನ ಏಷ್ಯಾ ಸೊಸೈಟಿ. 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಆಲ್ಬಂ ಬಂತು. ಕಿನ್ಸ್‌ಮೆನ್ ಎಂದರೆ ನೆಂಟರು, ಸ್ವಜನರು. ತಂಡದ ಹೆಸರು ‘ದಕ್ಷಿಣ ಎನ್‌ಸೆಂಬಲ್’. ಒಟ್ಟು ಏಳು ಜನ. ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರ್ ಶ್ರೀಜಿ. ಇವರ ಜೊತೆಗೆ ಅಮೆರಿಕದ ಗಿಟಾರ್, ಬೇಸ್, ಡ್ರಮ್ಸ್. ಮುಂದೆ ಎರಡು ಸ್ಯಾಕ್ಸೋಫೋನ್, ಒಂದು ಸಜೀಪದ್ದು, ಇನ್ನೊಂದು ಕೊಲರಾಡೋದ್ದು.

ಅದರಲ್ಲಿ ‘ಗಣೇಶ’ ಎಂಬ ಕೃತಿ ಉಂಟು, ‘ಕಲ್ಯಾಣಿ’ ಉಂಟು. ಹಳೆಯ ಕೀರ್ತನೆಯನ್ನು ಗಿಟಾರಿನ ಜೊತೆ ಸೇರಿಸಿದ್ದಲ್ಲ ಅದು. ಹೊಸತಾಗಿ ರಚಿಸಿದ್ದು. ಯಾರು ರಚಿಸಿದ್ದು, ಯಾರು ಯಾವ ವಾದ್ಯ ನುಡಿಸಿದ್ದು ಎಂಬುದು ಹೆಸರು ಸಮೇತ ದಾಖಲಾಗಿದೆ. ಗೋಪಾಲನಾಥರು ಈಗ ಇಲ್ಲ. ಆದರೆ ಅವರಿಗಾಗಿಯೇ ಬರೆದ ಸಂಗೀತದಲ್ಲಿ ಅವರ ಉಸಿರು ಹಾಗೆಯೇ ಉಂಟು.

ಆ ಕೆಲಸಕ್ಕೆ ನ್ಯೂಯಾರ್ಕಿನವರು ಮುಂದೆ ಬಂದರು. ನಮ್ಮ ಮೂರು ತಾಲೂಕುಗಳ ಇವತ್ತಿನ ವಾದಕರಿಗೆ ಮುಂದೆ ಬರುವವರು ಯಾರು?

ಜಾಝ್ ಆರ್ಕೆಸ್ಟ್ರಾ ಅಂದರೆ ಏನು?

ನಮ್ಮಲ್ಲಿ ಆರ್ಕೆಸ್ಟ್ರಾ ಎಂದರೆ ಸಿನೆಮಾ ಹಾಡಿನ ರಸಮಂಜರಿ. ಅಲ್ಲಿನದು ಬೇರೆ. ದೊಡ್ಡ ಜಾಝ್ ತಂಡದಲ್ಲಿ ಸಾಮಾನ್ಯವಾಗಿ 17, 18 ಜನ ಇರುತ್ತಾರೆ. ಐದು ಸ್ಯಾಕ್ಸೋಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರೊಂಬೋನ್, ಮತ್ತೆ ಪಿಯಾನೋ, ಬೇಸ್, ಡ್ರಮ್ಸ್, ಗಿಟಾರ್. ನಮ್ಮ ಮದುವೆ ಸೆಟ್ಟಿನಲ್ಲಿ ಇಬ್ಬರು ಸ್ಯಾಕ್ಸೋಫೋನಿನವರು ಒಂದೇ ಹಾಡನ್ನು ಒಟ್ಟಿಗೆ ಇಲ್ಲವೇ ಒಬ್ಬರ ನಂತರ ಒಬ್ಬರು ನುಡಿಸುತ್ತಾರೆ. ಅಲ್ಲಿ ಐವರು ಸ್ಯಾಕ್ಸೋಫೋನಿನವರಿಗೂ ಬೇರೆ ಬೇರೆ ಸ್ವರ ಬರೆದಿರುತ್ತದೆ. ಐದೂ ಸೇರಿದಾಗ ಒಂದು ಬಣ್ಣ ಬರುತ್ತದೆ.

ನಡುವೆ ಒಬ್ಬೊಬ್ಬ ವಾದಕನಿಗೆ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಅವನು ಆ ಹೊತ್ತಿಗೆ ತೋಚಿದ್ದನ್ನು ನುಡಿಸಬೇಕು. ಇದು ನಮಗೆ ಹೊಸತಲ್ಲ. ತಾಳಮದ್ದಳೆಯಲ್ಲಿ ಪದ್ಯ ಬರೆದಿಟ್ಟದ್ದು, ಅರ್ಥ ಆ ರಾತ್ರಿ ಹುಟ್ಟುವುದು. ಪದ್ಯ ಬರೆದ ಕವಿ ಬೇಕು, ಅರ್ಥಧಾರಿಯೂ ಬೇಕು. ಜಾಝ್ ಆರ್ಕೆಸ್ಟ್ರಾ ನಡೆಯುವುದೂ ಹೀಗೆಯೇ.

ಅಮೆರಿಕದಲ್ಲಿ ಮರಿಯಾ ಶ್ನೈಡರ್ ಎಂಬ ಮಹಿಳೆ ಇಂಥದೊಂದು ಆರ್ಕೆಸ್ಟ್ರಾ ನಡೆಸುತ್ತಾರೆ. ಊರು ಮಿನ್ನೆಸೋಟ ರಾಜ್ಯದ ವಿಂಡಮ್, ಸುತ್ತ ಹೊಲಗದ್ದೆ ಇರುವ ಸಣ್ಣ ಪೇಟೆ. ಅವರು ಬರೆಯುವುದೂ ಅಂಥದರ ಮೇಲೆಯೇ. 2015ರ ‘ದಿ ಥಾಂಪ್ಸನ್ ಫೀಲ್ಡ್ಸ್’ ಆಲ್ಬಂ ಊರಿನ ಹೊಲಗಳ ನೆನಪು. 2007ರ ಒಂದು ಕೃತಿ ವಲಸೆ ಹೋಗುವ ಹಕ್ಕಿಗಳ ಮೇಲೆ. ಅದರ ಶುರುವಿನಲ್ಲಿ ವಾದಕರೇ ಹಕ್ಕಿಗಳ ಹಾಗೆ ಸದ್ದು ಮಾಡುತ್ತಾರೆ. ಆ ಕೃತಿಗೆ ಗ್ರ್ಯಾಮಿ ಪ್ರಶಸ್ತಿ ಬಂತು.

ನಾವು ನೋಡಬೇಕಾದದ್ದು ಅವರು ದುಡ್ಡು ಹೊಂದಿಸಿದ ರೀತಿ. ಅಷ್ಟು ಜನರನ್ನು ಸ್ಟುಡಿಯೋಕ್ಕೆ ಕರೆಸಿ ರೆಕಾರ್ಡ್ ಮಾಡಿದರೆ ಖರ್ಚು ತುಂಬಾ. ಕಂಪೆನಿಯನ್ನು ನಂಬಿದರೆ ಕೈಗೆ ಹೆಚ್ಚು ಏನೂ ಬರುವುದಿಲ್ಲ. ಅದಕ್ಕೆ ಅವರು ‘ಆರ್ಟಿಸ್ಟ್‌ಶೇರ್’ ಎಂಬ ವ್ಯವಸ್ಥೆ ಸೇರಿದರು. ಕೇಳುಗರೇ ಮುಂಚಿತವಾಗಿ ದುಡ್ಡು ಕೊಡುವುದು. ಕೊಟ್ಟವರಿಗೆ ಕೃತಿ ಹೇಗೆ ತಯಾರಾಗುತ್ತದೆ ಎಂಬುದನ್ನು ಹಂತ ಹಂತವಾಗಿ ತೋರಿಸುವುದು. ಹೀಗೆ 2004ರಲ್ಲಿ ‘ಕನ್ಸರ್ಟ್ ಇನ್ ದ ಗಾರ್ಡನ್’ ಬಂತು. ಅಂಗಡಿಯಲ್ಲಿ ಒಂದು ಪ್ರತಿಯೂ ಮಾರದೆ ಗ್ರ್ಯಾಮಿ ಗೆದ್ದ ಮೊದಲ ಆಲ್ಬಂ ಅದು. 2020ರಲ್ಲಿ ‘ಡೇಟಾ ಲಾರ್ಡ್ಸ್’ ಬಂತು. ಅದರ ಅರ್ಧ ಭಾಗ ನಮ್ಮ ಮೊಬೈಲಿನ ಹಿಂದೆ ಕೂತ ದೊಡ್ಡ ಕಂಪೆನಿಗಳ ಬಗ್ಗೆ, ಇನ್ನರ್ಧ ಪ್ರಕೃತಿಯ ಬಗ್ಗೆ.

ಮುಂಚಿತ ವಂತಿಗೆ ನಮಗೆ ಹೊಸತಾ?

ಊರಿನವರು ಮೊದಲೇ ದುಡ್ಡು ಹಾಕಿ ಕಲೆ ನಡೆಸುವುದನ್ನು ಅಮೆರಿಕದವರಿಂದ ನಾವು ಕಲಿಯಬೇಕಾ? ಕಟೀಲು ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯುವವರು ನಾವು. ನಮ್ಮ ಸರದಿ ಬರುವಾಗ ಬರಲಿ ಎಂದು ಹೆಸರು ಬರೆಸಿ ಬರುವವರು ನಾವು. 2019ರ ಮಾರ್ಚ್‌ನಲ್ಲಿ ಪೊಳಲಿಯಲ್ಲಿ ಬ್ರಹ್ಮಕಲಶ ನಡೆದಾಗ ಹೊರೆಕಾಣಿಕೆ ಹೇಗೆ ಬಂತು ಎಂಬುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಅಕ್ಕಿ, ತೆಂಗಿನಕಾಯಿ, ತರಕಾರಿ ಹೊರೆಗಟ್ಟಲೆ ಕೊಡುವ ಊರಿಗೆ ಒಂದು ಹೊಸ ಕೃತಿ ಭಾರವಾ?

ನಮ್ಮಲ್ಲಿ ದುಡ್ಡಿಗೆ ಕೊರತೆ ಇಲ್ಲ, ವಾದ್ಯದ ಸಂಗೀತವೂ ಒಂದು ಹರಕೆ ಆಗಬಹುದು ಎಂಬ ಯೋಚನೆ ಬಂದಿಲ್ಲ, ಅಷ್ಟೆ. ಗರ್ನಾಲು ಕಣ್ಣುಮುಚ್ಚಿ ತೆರೆಯುವುದರೊಳಗೆ ಹೊಗೆ. ಕಮಾನು, ಬ್ಯಾನರ್ ಎರಡು ವಾರಕ್ಕೆ ಮುಗಿಯುತ್ತದೆ. ಅದಕ್ಕೆಲ್ಲ ಖರ್ಚಿನ ಪಟ್ಟಿಯಲ್ಲಿ ಸಾಲು ಉಂಟು. ವಾದ್ಯದವರ ಸಾಲಿನಲ್ಲಿ ದಿನದ ಸಂಬಳ ಮಾತ್ರ.

ದಿನದ ಸಂಬಳಕ್ಕೆ ಊದುವವನು ಏನು ನುಡಿಸುತ್ತಾನೆ? ಕೇಳುವವರು ಕೇಳಿದ್ದನ್ನು. ದೇವರ ಮುಂದೆ ಗೊತ್ತಿರುವ ನಾಲ್ಕು ಕೀರ್ತನೆ, ಊಟದ ಹೊತ್ತಿಗೆ ಸಿನೆಮಾ ಹಾಡು. ಅದರಲ್ಲಿ ತಪ್ಪು ಇಲ್ಲ. ಆದರೆ ಅಷ್ಟರಲ್ಲೇ ನಿಂತರೆ ಅವನ ಕೈಯಲ್ಲಿ ಇನ್ನು ಏನು ಉಂಟು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಊದುವ ಕೆಲಸ ಶ್ವಾಸದ ಕೆಲಸ. ಪ್ರಾಯ ಆದ ಮೇಲೆ ಶ್ವಾಸ ಕೈ ಕೊಡುತ್ತದೆ, ಹಲ್ಲು ಕೈ ಕೊಡುತ್ತದೆ. ಆ ಮೇಲೆ ಅವನ ಸಂಗೀತ ಕೇಳಬೇಕು ಎಂದರೆ ಎಲ್ಲಿಂದ ತರುವುದು? ಗರ್ನಾಲಿನ ಸದ್ದಿನ ಹಿಂದೆ ಸಿಕ್ಕಿಕೊಂಡ ಮೊಬೈಲ್ ವೀಡಿಯೊದಿಂದಲಾ?

ಎರಡು ತಕರಾರು

ದೇವಸ್ಥಾನದಲ್ಲಿ ಹೊಸತು ಯಾಕೆ, ಸಂಪ್ರದಾಯ ಹಾಳಾಗುತ್ತದೆ ಎನ್ನುವವರು ಇದ್ದಾರೆ. ಅವರ ಮಾತಿಗೆ ನಮಗೆ ಗೌರವ ಉಂಟು. ಪೂಜೆಯ ಹೊತ್ತಿನ ವಾದ್ಯ, ಬಲಿಯ ಹೊತ್ತಿನ ವಾದ್ಯ ಹಾಗೆಯೇ ಇರಲಿ. ನಾವು ಕೇಳುವುದು ಸಭಾ ಕಾರ್ಯಕ್ರಮದ ವೇದಿಕೆಯನ್ನು. ಮತ್ತೊಂದು ಮಾತು, ಸ್ಯಾಕ್ಸೋಫೋನೇ ಒಂದು ಕಾಲಕ್ಕೆ ಹೊಸತು. ನಾಗಸ್ವರದ ಮಗ ಅದನ್ನು ಹಿಡಿದಾಗ ಬೇಡ ಎಂದಿದ್ದರೆ ಇವತ್ತು ಊರೂರಿನಲ್ಲಿ ಇಷ್ಟು ವಾದಕರು ಇರುತ್ತಿರಲಿಲ್ಲ. ಯಕ್ಷಗಾನದಲ್ಲಿ ಹೊಸ ಪ್ರಸಂಗ ಬರುತ್ತದೆ, ತುಳು ಪ್ರಸಂಗವೂ ಬಂತು. ಹಳೆಯದು ಅದರಿಂದ ಸಾಯಲಿಲ್ಲ.

ಹಳ್ಳಿಗೆ ಜಾಝ್ ಯಾಕೆ ಎನ್ನುವುದು ಇನ್ನೊಂದು ತಕರಾರು. ನಾವು ಜಾಝ್ ನುಡಿಸಿ ಎನ್ನುತ್ತಿಲ್ಲ. ಅವರ ಕೆಲಸದ ಕ್ರಮ ತೆಗೆದುಕೊಳ್ಳೋಣ ಎನ್ನುತ್ತಿದ್ದೇವೆ. ಐದು ಸ್ಯಾಕ್ಸೋಫೋನ್, ಎರಡು ಡೋಲು, ತಾಳ, ಶ್ರುತಿ, ಬೇಕಾದರೆ ಒಂದು ಕೊಂಬು. ಇಷ್ಟು ಜನ ಬಂಟ್ವಾಳ ತಾಲೂಕು ಒಂದರಲ್ಲೇ ಸಿಗುತ್ತಾರೆ. ಅವರಿಗಾಗಿ ಹತ್ತು ನಿಮಿಷದ ಒಂದು ಕೃತಿ. ಅದರ ವಿಷಯ ಫಲ್ಗುಣಿಯ ನೆರೆ ಇರಲಿ, ಚೆಂಡಿನ ಗದ್ದೆ ಇರಲಿ. ಮರಿಯಾ ಶ್ನೈಡರ್ ತಮ್ಮ ಊರಿನ ಹೊಲದ ಮೇಲೆ ಬರೆಯಬಹುದಾದರೆ ನಮ್ಮ ಗದ್ದೆ ಏನು ಕಮ್ಮಿ?

ಹೇಗೆ ಮಾಡುವುದು

ಒಂದು, ಜಾತ್ರೆಗೋ ಬ್ರಹ್ಮಕಲಶಕ್ಕೋ ಸಮಿತಿ ಕೂತಾಗ ‘ಹೊಸ ಕೃತಿ ಸೇವೆ’ ಎಂದು ಖರ್ಚಿನಲ್ಲಿ ಒಂದು ಸಾಲು ಬರೆಯಿರಿ. ವರ್ಷಕ್ಕೆ ಒಂದೇ ಸಾಕು. ಹೆಸರು ಹಾಕಿಸಲು ಆಸೆ ಇರುವ ದಾನಿಗಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಬೆಂಚಿನ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ಬರುವ ಹೆಸರು ಕೃತಿಯ ಕೆಳಗೂ ಬರಲಿ.

ಎರಡು, ಕೃತಿ ರಚಿಸಿದವರಿಗೆ ಬೇರೆ ಸಂಭಾವನೆ, ನುಡಿಸಿದವರಿಗೆ ಬೇರೆ. ಅಭ್ಯಾಸದ ದಿನಗಳಿಗೂ ಸಂಬಳ ಕೊಡಬೇಕು. ಅಭ್ಯಾಸ ಇಲ್ಲದೆ ಐದು ಸ್ಯಾಕ್ಸೋಫೋನ್ ಒಟ್ಟು ಸೇರುವುದಿಲ್ಲ.

ಮೂರು, ವೇದಿಕೆಯಲ್ಲಿ ನುಡಿಸಿದ ಮೇಲೆ ಮಂಗಳೂರಿನ ಯಾವುದಾದರೂ ಸ್ಟುಡಿಯೋದಲ್ಲಿ ಸರಿಯಾಗಿ ರೆಕಾರ್ಡ್ ಆಗಬೇಕು. ರಚಿಸಿದವರು, ನುಡಿಸಿದವರು, ಊರು, ತಾರೀಕು ಎಲ್ಲ ಅದರ ಜೊತೆ ಬರೆದಿರಬೇಕು.

ನಾಲ್ಕು, ಒಂದು ಹಾಳೆಯ ಕರಾರು ಆಗಬೇಕು. ಇದು ಸಣ್ಣ ವಿಷಯ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ರಚಿಸಿದವರ ಹಕ್ಕು ಅವರು ಬದುಕಿರುವಷ್ಟು ಕಾಲ, ಆಮೇಲೆ ಇನ್ನೂ 60 ವರ್ಷ ಇರುತ್ತದೆ. ನುಡಿಸಿದವರಿಗೂ 50 ವರ್ಷದ ಹಕ್ಕು ಉಂಟು. ಆದರೆ ರೆಕಾರ್ಡಿಂಗಿನ ಹಕ್ಕು ಸಾಮಾನ್ಯವಾಗಿ ಅದನ್ನು ಮಾಡಿಸಿದವರಿಗೆ ಹೋಗುತ್ತದೆ. ಹಾಗಾಗಿ ನಾಳೆ ಯಾವುದಾದರೂ ಚಾನೆಲ್ಲಿನವರು ಅದನ್ನು ತೆಗೆದುಕೊಂಡು ದುಡ್ಡು ಮಾಡಿದರೆ ಯಾರಿಗೆ ಎಷ್ಟು ಎಂಬುದು ಮೊದಲೇ ಬರಹದಲ್ಲಿ ಇರಲಿ. ಬಾಯಿ ಮಾತಿನ ಲೆಕ್ಕದಲ್ಲಿ ಬಡವನ ಪಾಲೇ ಮೊದಲು ಹೋಗುವುದು.

ಇದರಲ್ಲಿ ಸರಕಾರದ ಅನುದಾನಕ್ಕೆ ಕಾಯಬೇಕಾದದ್ದು ಯಾವುದೂ ಇಲ್ಲ. ಓದುವ ನೀವು ಯಾವುದಾದರೂ ದೇವಸ್ಥಾನದ, ಭಜನಾ ಮಂದಿರದ, ಯುವಕ ಮಂಡಲದ ಸಮಿತಿಯಲ್ಲಿ ಇರಬಹುದು. ಇಲ್ಲದಿದ್ದರೆ ಮಾವನೋ ಅಣ್ಣನೋ ಇದ್ದೇ ಇರುತ್ತಾರೆ. ಮುಂದಿನ ಮೀಟಿಂಗಿನಲ್ಲಿ ಈ ಮಾತು ಎತ್ತಿ. ಅಷ್ಟು ಆಗುವವರೆಗೆ ಒಂದು ಸಣ್ಣ ಕೆಲಸ ಇವತ್ತೇ ಮಾಡಬಹುದು. ನಿಮ್ಮ ಮನೆಯ ಮುಂದಿನ ಕಾರ್ಯಕ್ರಮದ ಕಾಗದ ಪ್ರಿಂಟಿಗೆ ಕೊಡುವ ಮೊದಲು ವಾದ್ಯದವರಿಗೆ ಒಂದು ಫೋನ್ ಮಾಡಿ, ಅವರ ಪೂರ್ತಿ ಹೆಸರು ಕೇಳಿ ಬರೆದುಕೊಳ್ಳಿ.