ಗುಳೆ ಹೋದ ಅಕ್ಕನಿಗೆ ಬಾಗಿಲು ಯಾವುದು?



ವರದಕ್ಷಿಣೆ, ಹೊಡೆತ, ಬೈಗುಳಗಳ ಬಗ್ಗೆ ಮಾತಾಡುವಾಗಲೆಲ್ಲ ನಾವು ‘ಮನೆಯ ನಾಲ್ಕು ಗೋಡೆಗಳ ನಡುವೆ’ ಎನ್ನುತ್ತೇವೆ. ಆ ನಾಲ್ಕು ಗೋಡೆಗಳೇ ಇಲ್ಲದ ಹೆಂಗಸಿನ ಗತಿ ಏನು? ಬೆಂಗಳೂರಿನಲ್ಲಿ ಯಾರಿಗೋ ಹತ್ತಾರು ಅಂತಸ್ತಿನ ಮನೆ ಕಟ್ಟಿಕೊಟ್ಟು, ತಾನು ತಗಡಿನ ಶೆಡ್ಡಿನಲ್ಲಿ ಮಲಗುವ ಗಾರೆ ಕೆಲಸದ ಹೆಣ್ಣುಮಗಳನ್ನು ಕುರಿತು ಈ ಮಾತು.

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಸಹೋದರಿಯರಿಗೆ ‘ಗುಳೆ’ ಎಂದರೇನೆಂದು ಹೇಳಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ, ಮಳೆ ಕೈಕೊಟ್ಟರೆ ಅದಕ್ಕೂ ಮೊದಲೇ, ಗಂಟು ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದಿನ ದಾರಿ ಹಿಡಿಯುವುದು. ಮುದುಕರು ಊರಲ್ಲಿ, ಗಂಡ, ಹೆಂಡತಿ, ಕೈಗೂಸು ಪಟ್ಟಣದಲ್ಲಿ. ಬರಗಾಲ ಮತ್ತು ತುಂಡು ಹೊಲ ಇದಕ್ಕೆ ಕಾರಣವೆಂದು ಅರ್ಥಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಕಾಲೇಜಿನಲ್ಲಿ ಆ ವಿಷಯ ಪಾಠ ಮಾಡಿದವಳು ನಾನು. ಆ ಮಾತು ನಿಜ. ಅದರ ಜೊತೆಗೆ ಇನ್ನೊಂದು ಕಾರಣವೂ ಇದೆ: ಮದುವೆಯ ಸಾಲ. ಮಗಳ ಗಂಡನಿಗೆ ಬಂಗಾರ, ಬೈಕು ಕೊಡಲೆಂದು ಮೇಸ್ತ್ರಿಯಿಂದ ಮುಂಗಡ ತಂದ ತಂದೆತಾಯಿ ಅದು ತೀರುವವರೆಗೆ ಅವನು ಹೇಳಿದಲ್ಲಿ ದುಡಿಯಬೇಕು. ವರದಕ್ಷಿಣೆ ಕೊಡುವುದು ಒಂದು ದಿನದ ಕೆಲಸ. ಅದರ ಭಾರ ಸಿಮೆಂಟ್ ಬುಟ್ಟಿಯಾಗಿ ತಾಯಿಯ ತಲೆಯ ಮೇಲೆ ವರ್ಷಗಟ್ಟಲೆ ಕೂರುತ್ತದೆ.

ನಿವೃತ್ತಳಾದ ಮೇಲೆ ಮಗಳ ಮನೆಯಲ್ಲಿರುವ ನಾನು ಇಂತಹ ಶೆಡ್ಡುಗಳಿಗೆ ಹೋಗಿಬರುತ್ತಿರುತ್ತೇನೆ. ಹೊರಗಿನಿಂದ ಅವು ಕಾಣುವುದೇ ಇಲ್ಲ. ರಸ್ತೆಗೆ ಎತ್ತರದ ತಗಡಿನ ಬೇಲಿ. ಅದರ ಮೇಲೆ ನಗುವ ಸಂಸಾರದ, ಹಸಿರು ತೋಟದ ಚಿತ್ರ. ಬೇಲಿಯ ಹಿಂದೆ ಒಂದಕ್ಕೊಂದು ಅಂಟಿಕೊಂಡ ತಗಡಿನ ಗೂಡುಗಳು. ಬೇಸಿಗೆಯಲ್ಲಿ ಒಳಗೆ ಬೆಂಕಿ, ಮಳೆಗಾಲದಲ್ಲಿ ಕೆಸರು. ನೀರು ಟ್ಯಾಂಕರಿನದು. ಸೀರೆ ಮರೆಮಾಡಿ ಕಟ್ಟಿಕೊಂಡು ನಸುಕಿಗೆ ಮೊದಲೇ ಸ್ನಾನ. ಹಗಲು ಶೌಚಕ್ಕೆ ಮರೆಯಿಲ್ಲವೆಂದು ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಉರಿಮೂತ್ರ, ಕಿಬ್ಬೊಟ್ಟೆ ನೋವು ಅವರಿಗೆ ದಿನನಿತ್ಯದ ಮಾತು.

ಯಾದಗಿರಿ ಕಡೆಯ ಒಬ್ಬ ತಾಯಿ ನನಗೆ ಹೇಳಿದಳು: “ಅಮ್ಮಾರ, ಅಂವ ಹೊಡದ್ರ ಹತ್ತು ಮನಿಗಿ ಕೇಳತದ. ಯಾರೂ ಎದ್ದು ಬರಂಗಿಲ್ಲ. ಬಿಟ್ಟು ಹೋಗ್ಬೇಕಂದ್ರ ಶೆಡ್ಡು ಅವನ ಹೆಸರ್ಲೆ ಅದ, ಪಗಾರ ಅವನ ಕೈಯಾಗ ಅದ.”

ಈ ಎರಡು ಮಾತಿನಲ್ಲಿ ಎಲ್ಲವೂ ಇದೆ. ಶೆಡ್ಡು ಕೆಲಸಕ್ಕೆ ಅಂಟಿಕೊಂಡಿದೆ, ಕೆಲಸ ಗಂಡನಿಗೆ ಅಂಟಿಕೊಂಡಿದೆ. ಜೋಡಿಯ ಕೂಲಿಯನ್ನು ಮೇಸ್ತ್ರಿ ಗಂಡನ ಕೈಗೇ ಎಣಿಸುತ್ತಾನೆ. ಹೊಡೆತ ತಾಳದೆ ಹೊರಬಿದ್ದ ಹೆಂಗಸು ಗಂಡನನ್ನು ಮಾತ್ರ ಕಳೆದುಕೊಳ್ಳುವುದಿಲ್ಲ. ಆ ರಾತ್ರಿಯ ಸೂರು, ದುಡಿದ ಕೂಲಿ, ಊರಿಗೆ ಹೋಗುವ ಬಸ್ಸಿನ ದುಡ್ಡು ಎಲ್ಲವನ್ನೂ ಕಳೆದುಕೊಳ್ಳುತ್ತಾಳೆ. ಆದ್ದರಿಂದ ನಾನು ಹೇಳುವುದಿಷ್ಟೆ: ಕೂಲಿಕಾರರ ವಸತಿ ಕಾರ್ಮಿಕ ಇಲಾಖೆಗೆ ಮಾತ್ರ ಸೇರಿದ ವಿಷಯವಲ್ಲ. ಅದು ಹೆಣ್ಣಿನ ಮೇಲಿನ ದೌರ್ಜನ್ಯದ ಪ್ರಶ್ನೆ, ನಮ್ಮ ಚಳವಳಿಯ ಪ್ರಶ್ನೆ.

ಊರಲ್ಲಿ ಕೂಲಿಯಿಲ್ಲದವರಿಗೆ ಇಷ್ಟಾದರೂ ಸಿಕ್ಕಿತಲ್ಲ ಎನ್ನುವವರುಂಟು. ಆದರೆ ಇದು ದಯೆಯ ಮಾತಲ್ಲ, ಕಾನೂನಿನ ಮಾತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಕೆಲಸದ ಜಾಗದಲ್ಲಿ ಬಾಡಿಗೆಯಿಲ್ಲದ ವಸತಿ ಕೊಡಬೇಕು, ಅಡುಗೆ, ಸ್ನಾನ, ಶೌಚಕ್ಕೆ ಬೇರೆ ಬೇರೆ ಸ್ಥಳ ಇರಬೇಕು, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಕೂಸುಗಳಿಗೆ ಕೋಣೆ ಇರಬೇಕು ಎಂದು ಬರೆದಿತ್ತು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿತು. ಕಾಯ್ದೆಯ ಹೆಸರು ಬದಲಾಯಿತು, ಶೆಡ್ಡು ಬದಲಾಗಲಿಲ್ಲ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಕಟ್ಟಡ ಉದ್ಯಮದವರೊಡನೆ ಸಭೆ ನಡೆದ ಬೆನ್ನಿಗೇ ನಮ್ಮ ರಾಜ್ಯ ಸರ್ಕಾರ ಹೊರರಾಜ್ಯದ ಕೂಲಿಕಾರರ ರೈಲುಗಳನ್ನು ರದ್ದು ಮಾಡಿತ್ತು. ದೇಶದ ತುಂಬ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ ಬಿಟ್ಟಿತು. ಶೆಡ್ಡು ಸೂರೋ, ದುಡಿಯುವವರನ್ನು ಕಟ್ಟಿಹಾಕುವ ಹಗ್ಗವೋ ಎಂಬುದು ಆಗ ಎಲ್ಲರಿಗೂ ಕಂಡಿತು.

ಇದರಲ್ಲಿ ಸಂಘಗಳು ಮಾಡಬಹುದಾದದ್ದೇನು? ಬಹಳವಿದೆ. ಮೊದಲನೆಯದು, ಗುಳೆ ಹೋದವಳು ವಾರದ ಸಭೆಗೆ ಬರಲಿಲ್ಲವೆಂದು ಪುಸ್ತಕದಿಂದ ಅವಳ ಹೆಸರು ಹೊಡೆದುಹಾಕಬೇಡಿ. ಅವಳ ಉಳಿತಾಯ ಅವಳದೇ. ಸಂಘವೇ ಅವಳ ಖಾಯಂ ವಿಳಾಸ. ಹೊರಡುವ ಮುನ್ನ ಮೇಸ್ತ್ರಿಯ ಹೆಸರು, ಅವನ ಫೋನು, ಹೋಗುವ ಜಾಗ ಬರೆದಿಟ್ಟುಕೊಳ್ಳಿ. ಮುಂಗಡ ಎಷ್ಟು ಪಡೆದರೆಂಬುದೂ ಬರಹದಲ್ಲಿರಲಿ. ಅವಳ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಲಿ, ಕೂಲಿ ಅದಕ್ಕೇ ಬೀಳಲಿ ಎಂದು ಮೇಸ್ತ್ರಿಗೆ ಮೊದಲೇ ಹೇಳಿಸಿ. ಹೆಂಗಸಿನ ದುಡಿಮೆಗೆ ಗಂಡಸಿನಷ್ಟೇ ಕೂಲಿ ಎಂದು 1976ರಲ್ಲೇ ಕಾನೂನು ಬಂದಿದೆಯಲ್ಲವೆ?

ಎರಡನೆಯದು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಂಡತಿಯ ಹೆಸರೂ ನೋಂದಣಿಯಾಗಲಿ. ಬುಟ್ಟಿ ಹೊರುವವಳೂ ಕಾರ್ಮಿಕಳೇ, ಗಂಡನ ಸಹಾಯಕಿಯಲ್ಲ. ಮಂಡಳಿಯಿಂದ ಸಿಗುವ ಮದುವೆಯ ಸಹಾಯಧನ ಬೀಗರ ಜೇಬಿಗೆ ಸೇರದಂತೆ ಕಾಯುವ ಕೆಲಸವೂ ನಮ್ಮದೇ.

ಮೂರನೆಯದು ಬಹಳ ಮುಖ್ಯ. ಹೊಡೆತದ ದೂರು ಕೊಡಲು ಊರಿಗೆ ಹೋಗಬೇಕೆಂದು ಅನೇಕರು ನಂಬಿದ್ದಾರೆ. ಹಾಗಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಂತೆ, ಹೆಂಗಸು ತಾತ್ಕಾಲಿಕವಾಗಿ ಇರುವ ಸ್ಥಳದ, ದುಡಿಯುವ ಸ್ಥಳದ ನ್ಯಾಯಾಲಯಕ್ಕೂ ಅರ್ಜಿ ಕೊಡಬಹುದು. ಶೆಡ್ಡಿನ ವಾಸವೂ ವಾಸವೇ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿ ತಿಳಿಯುತ್ತದೆ. ತುರ್ತಿಗೆ 181 ಮತ್ತು 112 ಸಂಖ್ಯೆಗಳನ್ನು ಓದು ಬಾರದವಳಿಗೂ ಬಾಯಿಪಾಠ ಮಾಡಿಸಿ.

ಪಟ್ಟಣದ ಸಂಘಗಳ ಸಹೋದರಿಯರಿಗೂ ಒಂದು ಮಾತು. ನಿಮ್ಮ ಬಡಾವಣೆಯಲ್ಲಿ ಕಟ್ಟಡ ಏಳುತ್ತಿದ್ದರೆ ಆ ತಗಡಿನ ಬೇಲಿಯ ಒಳಗೆ ಒಮ್ಮೆ ಹೋಗಿ. ಕಾವಲುಗಾರ ತಡೆದರೆ ನಾಲ್ಕು ಜನ ಸೇರಿ ಹೋಗಿ. ಶೌಚಾಲಯ ಎಲ್ಲಿ, ಕೂಸುಗಳನ್ನು ನೋಡಿಕೊಳ್ಳುವವರು ಯಾರು, ಕೂಲಿ ಯಾರ ಕೈಗೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಕಾರ್ಮಿಕ ನಿರೀಕ್ಷಕರಿಗೆ ಬರಹದಲ್ಲಿ ದೂರು ಕೊಡಿ. ರಾತ್ರಿ ಹೊಡೆತ ತಿಂದು ಹೊರಬಂದವಳಿಗೆ ಹೋಗಿ ತಟ್ಟಲು ಒಂದು ಬಾಗಿಲು ಬೇಕು. ಆ ಬಾಗಿಲು ಯಾರದೆಂದು ನಿಮ್ಮ ಮುಂದಿನ ಸಭೆಯಲ್ಲೇ ತೀರ್ಮಾನವಾಗಲಿ.