‘ತಪ್ಪು, ಕೂತ್ಕೋ’

ಬಿ.ಎಡ್. 2015ರಿಂದ ಎರಡು ವರ್ಷದ್ದಾಗಿದೆ. ಟೀಚರ್ ಆಗೋಕೆ ಇಷ್ಟು ದಿನ ಬೇಕಾ ಅಂತ ನಾನೂ ಗೊಣಗಿದವಳೇ.

ಮೊನ್ನೆ ಇಂಟರ್ನ್‌ಶಿಪ್‌ನಲ್ಲಿ ಏಳನೇ ತರಗತಿಗೆ ದಶಮಾಂಶ ಪಾಠ. 0.5, 0.25ರಲ್ಲಿ ಯಾವುದು ದೊಡ್ಡದು ಅಂದೆ. ಹಿಂದಿನ ಬೆಂಚಿನ ಹುಡುಗಿ 0.25 ಅಂದಳು. ‘ತಪ್ಪು, ಕೂತ್ಕೋ’ ಅಂದುಬಿಟ್ಟೆ. ಗೈಡ್ ಟೀಚರ್ ಮೆಲ್ಲಗೆ, ‘ಯಾಕೆ ಅಂತ ಕೇಳಮ್ಮ’ ಅಂದರು.

‘ಐದಕ್ಕಿಂತ ಇಪ್ಪತ್ತೈದು ದೊಡ್ಡದಲ್ವಾ ಮಿಸ್?’

ಅವಳ ಉತ್ತರಕ್ಕೂ ಒಂದು ಲೆಕ್ಕವಿತ್ತು! ಎಂಟಾಣೆ, ನಾಲ್ಕಾಣೆ ಉದಾಹರಣೆ ಕೊಟ್ಟೆ. ಎಲ್ಲರೂ ಮಿಕಿಮಿಕಿ ನೋಡಿದರು. ನಾಲ್ಕಾಣೆ ಚಲಾವಣೆ ನಿಂತಿದ್ದು 2011ರಲ್ಲಿ, ಪಾಪ, ಇವರಿನ್ನೂ ಹುಟ್ಟೇ ಇರಲಿಲ್ಲ. ಅರ್ಧ ಲೀಟರ್, ಕಾಲು ಲೀಟರ್ ಹಾಲು ಅಂದಮೇಲೆ ಕ್ಲಾಸಿಗೆ ಕ್ಲಾಸೇ ‘ಓ...’ ಅಂತು.

ನನ್ನ ಪಾಠಯೋಜನೆಯಲ್ಲಿ ಮಕ್ಕಳ ಉತ್ತರಗಳೆಲ್ಲ ಸರಿಯಾಗೇ ಇದ್ದವು, ಬರೆದವಳು ನಾನೇ ತಾನೇ!

ಮಾರನೇ ದಿನ ಆ ಹುಡುಗಿ ಕೈ ಎತ್ತಲೇ ಇಲ್ಲ. ಆ ಶಾಲೆಯಲ್ಲಿ ನನಗಿನ್ನು ಉಳಿದಿರೋದು ಹನ್ನೊಂದು ದಿನ.