ಎರವಲು ಬಂದವನ ಗೋಲು



ಹೋದ ಶನಿವಾರ ಆಟದ ಪೀರಿಯಡ್ಡಿನಲ್ಲಿ ಮಳೆ ಬಂದದ್ದರಿಂದ ನಾವೆಲ್ಲ ತರಗತಿಯೊಳಗೇ ಕೂತಿದ್ದೆವು. ಆಗ ಒಂದು ಜಗಳ ಆಯಿತು. ಹೊಡೆದಾಟವಲ್ಲ, ಮಾತಿನ ಜಗಳ. ಬರೀ ಮೂರು ಪಂದ್ಯ ಆಡಿ ಹೊರಟುಹೋದ ಒಬ್ಬ ಆಟಗಾರನನ್ನು ಒಂದು ಊರಿನವರು ಇಪ್ಪತ್ತೈದು ವರ್ಷ ದಾಟಿದ ಮೇಲೂ ಪ್ರೀತಿಯಿಂದ ನೆನೆಸಿಕೊಳ್ಳುತ್ತಾರಲ್ಲ, ಅದು ಸರಿಯೋ ಅತಿಯೋ ಅಂತ. ಸರಿ ಅಂದವನು ನಾನೊಬ್ಬನೇ. ಅಷ್ಟರಲ್ಲಿ ಬೆಲ್ ಹೊಡೆದುಬಿಟ್ಟಿತು. ಅವತ್ತು ಬಾಯಲ್ಲೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಗೋಲನ್ನು ನಾನು ನೋಡಿದ್ದು ನಮ್ಮ ಚಿಕ್ಕಪ್ಪನ ಮೊಬೈಲಿನಲ್ಲಿ. ಇಂಗ್ಲಿಷ್ ಕಾಮೆಂಟರಿ ಒಂದು ಅಕ್ಷರ ತಿಳಿಯಲಿಲ್ಲ. ಆದರೆ ಹೇಳುವವನು ಕೂಗಿದ ರೀತಿಗೇ ಮೈ ಜುಂ ಅಂದಿತು. ಮಾರನೆಯ ದಿನ ಇಂಗ್ಲಿಷ್ ಮೇಷ್ಟ್ರನ್ನು ಕೇಳಿದೆ. ಅವರು ಪೂರ್ತಿ ಕಥೆಯನ್ನು ಓದಿ ಹೇಳಿದರು.

ಊರಿನ ಹೆಸರು ಕಾರ್ಲೈಲ್. ಇಂಗ್ಲೆಂಡಿನ ಉತ್ತರದ ತುದಿಯಲ್ಲಿ, ಸ್ಕಾಟ್ಲೆಂಡ್ ಗಡಿಯ ಹತ್ತಿರ ಇದೆ. ಅಲ್ಲಿನ ತಂಡ ಕಾರ್ಲೈಲ್ ಯುನೈಟೆಡ್, ಮೈದಾನ ಬ್ರಂಟನ್ ಪಾರ್ಕ್. 1928ರಿಂದ ಆ ತಂಡ ಫುಟ್ಬಾಲ್ ಲೀಗಿನಲ್ಲಿ ಇತ್ತು. ಅಲ್ಲಿ ಮೇಲಿನಿಂದ ಕೆಳಗೆ ನಾಲ್ಕು ದರ್ಜೆಗಳು, ಒಟ್ಟು 92 ತಂಡಗಳು. ಆಗ ಒಂದು ನಿಯಮವಿತ್ತು. ನಾಲ್ಕನೇ ದರ್ಜೆಯಲ್ಲಿ ಕಟ್ಟಕಡೆಗೆ ಬಂದ ಒಂದು ತಂಡ ಲೀಗಿನಿಂದಲೇ ಹೊರಕ್ಕೆ. ನಾವು ಫೇಲಾದರೆ ಅದೇ ಕ್ಲಾಸಿನಲ್ಲಿ ಕೂರುತ್ತೇವೆ, ಅವರು ಫೇಲಾದರೆ ಸ್ಕೂಲಿನಿಂದಲೇ ಆಚೆ, ಹಾಗೆ.

1999ರಲ್ಲಿ ಕಾರ್ಲೈಲ್ ತಂಡದ ಗತಿ ಅಲ್ಲಿಗೆ ಬಂದಿತ್ತು. ಅವರ ಹತ್ತಿರ ಗೋಲ್‌ಕೀಪರ್ ಕೂಡ ಇರಲಿಲ್ಲ. ಇದ್ದವನನ್ನು ಮಾರಿಬಿಟ್ಟಿದ್ದರು. ಎರವಲು ತಂದವನನ್ನು ಅವನ ತಂಡದವರು ವಾಪಸ್ಸು ಕರೆಸಿಕೊಂಡರು. ಆಟಗಾರರನ್ನು ತೆಗೆದುಕೊಳ್ಳುವ ದಿನಾಂಕವೂ ಮುಗಿದುಹೋಗಿತ್ತು. ಲೀಗಿನವರನ್ನು ಕೇಳಿಕೊಂಡು ವಿಶೇಷ ಅನುಮತಿ ಪಡೆದು ಸ್ವಿಂಡನ್ ಟೌನ್ ತಂಡದಿಂದ ಜಿಮ್ಮಿ ಗ್ಲಾಸ್ ಎಂಬ ಗೋಲ್‌ಕೀಪರನ್ನು ಎರವಲು ತಂದರು. ಉಳುಮೆ ಹೊತ್ತಿಗೆ ಎತ್ತಿನ ಕಾಲು ಮುರಿದರೆ ಪಕ್ಕದವರ ಎತ್ತು ತಂದು ಹೂಡುತ್ತಾರಲ್ಲ, ಹಾಗೆ. ಆಗ ಅವರಿಗೆ 25 ವರ್ಷ.

ಅವರು ಎಂಥಾ ಆಟಗಾರ ಅಂತ ಕೇಳಬೇಡಿ. ಒಂದು ವರ್ಷ ಹಿಂದೆ, 1998ರ ಏಪ್ರಿಲ್‌ನಲ್ಲಿ, ಬೋರ್ನ್‌ಮತ್ ತಂಡಕ್ಕೆ ಆಡುವಾಗ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಒಂದು ಕಪ್ಪಿನ ಫೈನಲ್ ನಡೆಯಿತು. ಎದುರಾಳಿ ಗ್ರಿಮ್ಸ್‌ಬಿ. ಬೋರ್ನ್‌ಮತ್ ಮುಂದಿತ್ತು. ಆಗ ಚೆಂಡು ಜಿಮ್ಮಿ ಗ್ಲಾಸ್ ಅವರಿಗೇ ತಗುಲಿ ಅವರದೇ ಗೋಲಿನೊಳಕ್ಕೆ ಹೋಯಿತು. ಸಮ ಆಯಿತು. ಹೆಚ್ಚಿನ ಸಮಯದ ಆಟದಲ್ಲಿ ಬೋರ್ನ್‌ಮತ್ ಸೋತಿತು. ಪಾಪ, ಅಷ್ಟು ದೊಡ್ಡ ಮೈದಾನದಲ್ಲಿ! ನಮ್ಮೂರಾಗಿದ್ದರೆ ಒಂದು ಅಡ್ಡಹೆಸರು ಇಟ್ಟು ಸಾಯೋ ತನಕ ಕರೀತಿದ್ರು.

ಇನ್ನು ಆ ದಿನ. 1999ರ ಮೇ 8. ಕಡೆಯ ಪಂದ್ಯ, ಎದುರು ಪ್ಲಿಮತ್ ಆರ್ಗೈಲ್. ಮೈದಾನದಲ್ಲಿ 7,599 ಜನ. ಸ್ಕಾರ್ಬರೋ ಎಂಬ ಇನ್ನೊಂದು ತಂಡಕ್ಕೆ ಕಾರ್ಲೈಲ್‌ಗಿಂತ ಒಂದು ಅಂಕ ಜಾಸ್ತಿ ಇತ್ತು. ಸ್ಕಾರ್ಬರೋ ಆಟ ಅದೇ ಹೊತ್ತಿಗೆ ಬೇರೆ ಊರಿನಲ್ಲಿ. ಅದು 1-1 ಡ್ರಾ ಆಗಿ ಮೊದಲೇ ಮುಗಿಯಿತು. ಅಂದರೆ ಕಾರ್ಲೈಲ್‌ಗೆ ಡ್ರಾ ಸಾಲದು, ಗೆಲ್ಲಲೇಬೇಕು. ಇಲ್ಲಿಯೂ 1-1. ಪ್ಲಿಮತ್ ಮೊದಲು ಹೊಡೆದಿತ್ತು, ಡೇವಿಡ್ ಬ್ರೈಟ್‌ವೆಲ್ ಸಮ ಮಾಡಿದ್ದರು. ಅತ್ತ ಸ್ಕಾರ್ಬರೋದವರು ಉಳಿದುಕೊಂಡೆವು ಅಂತ ಮೈದಾನಕ್ಕೆ ನುಗ್ಗಿ ಕುಣಿಯಲು ಶುರುಮಾಡಿದ್ದರು.

90 ನಿಮಿಷ ಮುಗಿಯಿತು. ರೆಫರಿ ಹೆಚ್ಚಿಗೆ ಕೊಟ್ಟ ನಿಮಿಷಗಳೂ ಮುಗಿಯುತ್ತಾ ಬಂದವು. ಇನ್ನು ಕೆಲವೇ ಸೆಕೆಂಡು. ಆಗ ಕಾರ್ಲೈಲ್‌ಗೆ ಒಂದು ಕಾರ್ನರ್ ಕಿಕ್ ಸಿಕ್ಕಿತು. ಜಿಮ್ಮಿ ಗ್ಲಾಸ್ ತಮ್ಮ ಗೋಲನ್ನು ಖಾಲಿ ಬಿಟ್ಟು ಇಡೀ ಮೈದಾನ ಓಡಿಕೊಂಡು ಬಂದರು. ಗ್ರಹಾಂ ಆಂಟನಿ ಚೆಂಡನ್ನು ಒಳಗೆ ಹೊಡೆದರು. ಸ್ಕಾಟ್ ಡೋಬಿ ತಲೆಯಿಂದ ಹೊಡೆದರು. ಪ್ಲಿಮತ್ ಕೀಪರ್ ತಡೆದ. ಚೆಂಡು ಪುಟಿದು ಬಂದು ಬಿದ್ದದ್ದು ಯಾರ ಮುಂದೆ? ಜಿಮ್ಮಿ ಗ್ಲಾಸ್ ಮುಂದೆ. ಬಲಗಾಲಲ್ಲಿ ಒಂದೇ ಏಟು. ಗೋಲ್!

ಬೇರೆ ಬಣ್ಣದ ಅಂಗಿಯ ಕೀಪರ್ ಎದುರಾಳಿ ಗೋಲಿನ ಮುಂದೆ ನಿಂತು ಗೋಲು ಹೊಡೆದದ್ದು ನೋಡಿದರೆ ಏನೋ ತಪ್ಪಾಗಿದೆ ಅನ್ನಿಸುತ್ತದೆ. ನಾನು ಎಂಟು ಸಲ ನೋಡಿದೆ. ಆಮೇಲೆ ಚಿಕ್ಕಪ್ಪ ಮೊಬೈಲ್ ಕಿತ್ತುಕೊಂಡರು. ಗೋಲಾದ ಕೂಡಲೇ ಜನ ಬೇಲಿ ಹಾರಿದಂತೆ ಮೈದಾನಕ್ಕೆ ನುಗ್ಗುತ್ತಾರೆ, ಜಿಮ್ಮಿ ಗ್ಲಾಸ್ ಆ ಗುಂಪಿನೊಳಗೆ ಮುಳುಗಿಹೋಗುತ್ತಾರೆ. ಕಾರ್ಲೈಲ್ 49 ಅಂಕ, ಸ್ಕಾರ್ಬರೋ 48. ಕುಣಿಯುತ್ತಿದ್ದವರೇ ಲೀಗಿನಿಂದ ಹೊರಗೆ ಹೋದರು.

ಈಗ ಜಗಳದ ವಿಷಯಕ್ಕೆ ಬರುತ್ತೇನೆ.

ನಮ್ಮ ಕ್ಲಾಸಿನ ಕೆಲವರು ಹೇಳಿದ್ದು: ಅದು ಅದೃಷ್ಟ ಕಣೋ, ಚೆಂಡು ಕಾಲಿಗೆ ಬಂತು, ಹೊಡೆದ. ಅದೃಷ್ಟ ಇರಬಹುದು. ಆದರೆ ತನ್ನ ಗೋಲಿನ ಹತ್ತಿರವೇ ನಿಂತಿದ್ದರೆ ಚೆಂಡು ಅಲ್ಲಿಗೆ ಹುಡುಕಿಕೊಂಡು ಹೋಗುತ್ತಿತ್ತೇ? ವೆಂಬ್ಲಿಯಲ್ಲಿ ಅಷ್ಟು ಅವಮಾನ ಆದವರು ಇನ್ನೊಂದು ಸಲ ನಗೆಪಾಟಲಾಗಲು ಹೆದರಿ ಸುಮ್ಮನೆ ನಿಲ್ಲಬಹುದಿತ್ತು. ಓಡಿ ಬಂದರು.

ಇನ್ನೊಬ್ಬ ಕೇಳಿದ: ಆ ಗೋಲಿನಿಂದ ಆದ ಲಾಭ ಏನು? 2004ರಲ್ಲಿ ಕಾರ್ಲೈಲ್ ಹೇಗಿದ್ದರೂ ಕೆಳಗೆ ಬಿತ್ತಲ್ಲ? ಬಿತ್ತು, ನಿಜ. 2005ರಲ್ಲಿ ಮತ್ತೆ ಮೇಲೆ ಬಂತು. 2025ರಲ್ಲಿ ಇನ್ನೊಂದು ಸಲ ಬಿತ್ತು. ಆದರೆ ನಮ್ಮೂರ ಕೆರೆ ಒಂದು ವರ್ಷ ಕೋಡಿ ಬಿದ್ದದ್ದನ್ನು ನಮ್ಮ ತಾತ ಈಗಲೂ ಹೇಳುತ್ತಾರೆ. ಮುಂದಿನ ವರ್ಷ ಕೆರೆ ಒಣಗಲಿಲ್ಲವೇ? ಒಣಗಿತು. ಹಾಗಂತ ತಾತನ ಸಂತೋಷ ಸುಳ್ಳೇ?

ಮೂರನೆಯ ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದನ್ನು ಕೇಳಿದ್ದು ಹಿಂದಿನ ಬೆಂಚಿನ ಒಬ್ಬಳು ಹುಡುಗಿ. ಸ್ಕಾರ್ಬರೋದವರ ಕಥೆ ಏನು, ಅವರೂ ಮನುಷ್ಯರಲ್ಲವಾ ಅಂದಳು. ಮೇಷ್ಟ್ರು ಹೇಳಿದ ಪ್ರಕಾರ ಆ ತಂಡ ಮತ್ತೆ ಲೀಗಿಗೆ ಬರಲೇ ಇಲ್ಲ. ಸಾಲ ಜಾಸ್ತಿಯಾಗಿ 2007ರಲ್ಲಿ ಮುಚ್ಚಿಯೇ ಹೋಯಿತು. ಅದನ್ನು ಕೇಳಿದ ಮೇಲೆ ಆ ವಿಡಿಯೋ ನೋಡುವಾಗ ಮೊದಲಿನಷ್ಟು ಖುಷಿ ಆಗುವುದಿಲ್ಲ. ಆದರೂ ಕಾರ್ಲೈಲ್‌ನವರು ತಮ್ಮವನನ್ನು ಮರೆಯಬೇಕು ಅಂತ ನನಗೆ ಅನ್ನಿಸುವುದಿಲ್ಲ.

ತಮ್ಮವನು ಅಂದೆ. ನಿಜವಾಗಿ ಅವರು ತಮ್ಮವರೇ ಅಲ್ಲ. ಮೂರು ಪಂದ್ಯ ಆಡಿ ಸ್ವಿಂಡನ್‌ಗೆ ವಾಪಸ್ಸು ಹೋದರು. ಸ್ವಲ್ಪ ವರ್ಷಕ್ಕೇ ಆಟ ಬಿಟ್ಟರು. ಟ್ಯಾಕ್ಸಿ ಓಡಿಸಿ ಜೀವನ ಮಾಡಿದರು. ಕಾರ್ಲೈಲ್‌ನವರು ಎರವಲು ಅಂತ ಲೆಕ್ಕ ಹಾಕಲಿಲ್ಲ, ವೆಂಬ್ಲಿಯ ತಪ್ಪನ್ನೂ ಎಣಿಸಲಿಲ್ಲ. ಜಿಮ್ಮಿ ಗ್ಲಾಸ್ ಅಂದರೆ ಸಾಕು, ಅಲ್ಲಿನ ಅಭಿಮಾನಿಗಳಿಗೆ ಆ ಮೇ 8 ಕಣ್ಣ ಮುಂದೆ ಬರುತ್ತದೆ. ಇದೇ ನನಗೆ ಎಲ್ಲಕ್ಕಿಂತ ಹಿಡಿಸಿದ್ದು.

ಇಷ್ಟು ಬರೆಯಲು ಇನ್ನೊಂದು ಕಾರಣ ಇದೆ. ಹೇಳಲು ನಾಚಿಕೆ.

ಹೋದ ವರ್ಷ ನಮ್ಮ ಶಾಲೆ ಹೋಬಳಿ ಮಟ್ಟದ ಖೋ-ಖೋ ಗೆದ್ದಿತು. ಕಡೆಯ ಸರದಿಯಲ್ಲಿ ನಾವೆಲ್ಲ ಔಟಾಗಿ ಕೂತಿದ್ದೆವು, ನಾನೂ. ಒಬ್ಬ ಮಾತ್ರ ಕಂಬ ಸುತ್ತಿ ಸುತ್ತಿ ಸೀಟಿ ಊದುವ ತನಕ ಸಿಗಲಿಲ್ಲ. ಒಂದೇ ಅಂಕದಿಂದ ಗೆದ್ದೆವು. ಅವನು ನಮ್ಮೂರವನಲ್ಲ. ಅಪ್ಪ ಅಮ್ಮ ನಾಲೆ ಕೆಲಸಕ್ಕೆ ರಾಯಚೂರು ಕಡೆಯಿಂದ ಬಂದಿದ್ದರು. ಅವನ ಮಾತು ಕೇಳಿ ನಾವು ನಗುತ್ತಿದ್ದೆವು. ಆಡಬೇಕಾದವನಿಗೆ ಜ್ವರ ಬಂದದ್ದರಿಂದ ಅವನನ್ನು ಸೇರಿಸಿಕೊಂಡಿದ್ದೆವು. ದಸರಾ ರಜೆ ಮುಗಿಸಿ ಬಂದಾಗ ಶೆಡ್ಡುಗಳು ಖಾಲಿ. ನಾಲೆ ಕೆಲಸ ಮುಗಿದು ಹೊರಟುಹೋಗಿದ್ದರು.

ಹೆಡ್‌ಮಾಸ್ಟರ್ ರೂಮಿನಲ್ಲಿ ಗೆದ್ದ ತಂಡದ ಫೋಟೋ ಇದೆ. ನೀವೆಲ್ಲ ನೋಡಿದ್ದೀರಿ. ಅದರಲ್ಲಿ ಹುಡುಗರು 12, ಕೆಳಗೆ ಹೆಸರು 11. ಯಾರಾದರೂ ಎಣಿಸಿದ್ದೀರಾ? ಅಕ್ಷರ ದುಂಡಗಿದೆ ಅಂತ ಹೆಸರು ಬರೆಯುವ ಕೆಲಸ ನನಗೆ ಕೊಟ್ಟಿದ್ದರು. ಅವನ ಹೆಸರಿನ ಹತ್ತಿರ ಬಂದಾಗ, ಅವನು ಟಿ.ಸಿ. ತಗೊಂಡು ಹೋದನಲ್ಲ, ಈಗ ನಮ್ಮ ಸ್ಕೂಲಿನವನಲ್ಲ ಬಿಡೋ, ಅಂದರು ಯಾರೋ. ನಾನು ಬಿಟ್ಟೆ. ಮೇಷ್ಟ್ರುಗಳು ಯಾರೂ ಬಿಡು ಅಂತ ಹೇಳಿರಲಿಲ್ಲ.

ಅವನು ಎರಡನೇ ಸಾಲಿನಲ್ಲಿ ಎಡಗಡೆಯಿಂದ ನಾಲ್ಕನೆಯವನು. ಚಪ್ಪಲಿ ಇಲ್ಲದೆ ನಿಂತಿದ್ದಾನೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆಯಬೇಕಾದ ಜಾಗ ಅದು. ಮೊನ್ನೆ ಸ್ಕೇಲ್ ಹಿಡಿದು ನೋಡಿದೆ. ಹೆಸರುಗಳ ನಡುವೆ ಜಾಗ ಇಲ್ಲ, ಆದರೆ ಕೆಳಗೆ ಇನ್ನೊಂದು ಸಾಲು ಹಿಡಿಯುತ್ತದೆ. ಹೆಡ್‌ಮಾಸ್ಟರ್ ಸಾರ್ ಒಪ್ಪಿ ಫೋಟೋ ಇಳಿಸಿ ಗಾಜು ತೆಗೆಸಿಕೊಟ್ಟರೆ ಸೋಮವಾರ ಪ್ರಾರ್ಥನೆಗೆ ಮುಂಚೆಯೇ ಬಂದು ಬರೆಯುತ್ತೇನೆ. ಆವಾಗ ಬರೆದ ಕಪ್ಪು ಇಂಕು ನಮ್ಮ ಮನೆಯಲ್ಲಿ ಇನ್ನೂ ಅರ್ಧ ಬಾಟಲಿ ಇದೆ.